ರೋಬೋಗೆ ಜಾತಿ ಇಲ್ಲ ಅಂತೀರಿ, ಸರಿ. ಕಸಕ್ಕೆ ಇದೆಯಲ್ಲ?



ಪೋಸ್ಟ್ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ. ಬೈಯೋದಿದ್ರೂ ಓದಿ ಆಮೇಲೆ ಬೈಯಿರಿ.

ಕಸ ವಿಂಗಡಿಸೋ ರೋಬೋಗಳ ವಿಡಿಯೋಗಳು ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಓಡಾಡ್ತಿವೆ. ನೀವೂ ನೋಡಿರ್ತೀರಿ. ಬೆಲ್ಟ್ ಮೇಲೆ ಕಸ ಹರಿದು ಬರುತ್ತೆ. ಮೇಲಿಂದ ಕ್ಯಾಮೆರಾ ನೋಡುತ್ತೆ. ಜೇಡದ ಕಾಲಿನಂಥ ಒಂದು ಕೈ ಟಪಕ್ ಅಂತ ಇಳಿದು ಬಾಟಲಿ ಎತ್ತಿ ಪಕ್ಕದ ಡಬ್ಬಕ್ಕೆ ಹಾಕುತ್ತೆ. ನೋಡೋಕೆ ಚೆನ್ನಾಗಿದೆ, ಸುಳ್ಳು ಯಾಕೆ ಹೇಳ್ಲಿ. ನನ್ನ ತಕರಾರು ವಿಡಿಯೋ ಕೆಳಗೆ ನಮ್ಮವರೇ ಬರೀತಿರೋ ಮಾತಿನ ಮೇಲೆ. "ಇನ್ನು ಪೌರಕಾರ್ಮಿಕರ ಕಷ್ಟ ಮುಗೀತು." "ರೋಬೋಗೆ ಜಾತಿ ಇಲ್ಲ, ಜಾತಿ ವಿನಾಶಕ್ಕೆ ಇದೇ ದಾರಿ." ಇದನ್ನ ಬೇರೆಯವರು ಬರೆದಿದ್ರೆ ನಾನು ತಲೆ ಕೆಡಿಸ್ಕೊಳ್ತಿರಲಿಲ್ಲ. ಚಳವಳಿಯಲ್ಲಿ ನಮ್ಮ ಜೊತೆ ಕೂತವರು, ಏಪ್ರಿಲ್ 14ಕ್ಕೆ ನಮ್ಮ ಜೊತೆ ಮೆರವಣಿಗೆಲಿ ನಡೆದವರು ಬರೀತಿದ್ದಾರೆ. ಅದಕ್ಕೇ ಉತ್ತರ ಬರೀಬೇಕಾಯ್ತು.

ನನ್ನ ಮಾತು ಮೊದಲೇ ಹೇಳಿಬಿಡ್ತೀನಿ. ಯಂತ್ರ ಬರಲಿ. ಆದ್ರೆ ಈಗ ಅದನ್ನ ತರೋಕೆ ಹೊರಟಿರೋ ರೀತಿಯಲ್ಲಿ ಅದು ಬಿಡುಗಡೆ ಮಾಡೋದು ಕಸ ಎಸೆಯೋರನ್ನ. ಕಸ ಎತ್ತೋರನ್ನ ಬಿಡುಗಡೆ ಮಾಡಲ್ಲ. ಯಾಕೆ ಅಂತ ಬಿಡಿಸಿ ಹೇಳ್ತೀನಿ.

ಮೊದಲು ಈ ಯಂತ್ರ ಏನು ಅಂತ ನೋಡೋಣ. ಕಂಪ್ಯೂಟರ್ ವಿಷನ್ ಅಂದ್ರೆ ಮಾಯ ಮಂತ್ರ ಅಲ್ಲ. ಕ್ಯಾಮೆರಾ ಹಿಡಿದ ಚಿತ್ರ ನೋಡಿ "ಇದು ರಟ್ಟು, ಇದು ಪ್ಲಾಸ್ಟಿಕ್" ಅಂತ ಕಂಪ್ಯೂಟರ್ ಗುರುತು ಹಿಡಿಯುತ್ತೆ. ಅದಕ್ಕೆ ಮೊದಲು ಸಾವಿರಾರು ಫೋಟೋ ತೋರಿಸಿ, ಒಂದೊಂದಕ್ಕೂ ಮನುಷ್ಯರೇ ಹೆಸರು ಬರೆದು ಕಲಿಸಿರ್ತಾರೆ. ಗುರುತು ಹಿಡಿದ ಮೇಲೆ ರೋಬೋ ಕೈ ಎತ್ತುತ್ತೆ, ಇಲ್ಲಾಂದ್ರೆ ಗಾಳಿ ಊದಿ ಪಕ್ಕಕ್ಕೆ ತಳ್ಳುತ್ತೆ. ಫಿನ್ಲೆಂಡಿನ ಜೆನ್‌ರೊಬೊಟಿಕ್ಸ್, ಅಮೆರಿಕದ ಎಎಂಪಿ ರೊಬೊಟಿಕ್ಸ್ ಈ ಕೆಲಸದಲ್ಲಿ ಹೆಸರು ಮಾಡಿದ ಕಂಪನಿಗಳು. ನಮ್ಮ ದೇಶದಲ್ಲಿ ಅಹಮದಾಬಾದಿನ ಇಶಿತ್ವ ಇಂಥ ಯಂತ್ರ ಮಾಡುತ್ತೆ.

ನಮ್ಮ ಹಾಸನ ಜಿಲ್ಲೆಗೆ ಇದು ಹೊಸದೂ ಅಲ್ಲ. ಹಾಸನ, ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಹೆಂಗಸರು ಸಾಲಾಗಿ ಕೂತು ಕಪ್ಪು ಬೀಜ, ಒಡಕು ಬೀಜ ಆರಿಸ್ತಿದ್ರು. ಆಮೇಲೆ ಕಲರ್ ಸಾರ್ಟರ್ ಬಂತು. ಬೀಜ ಮೇಲಿಂದ ಉದುರುವಾಗ ಯಂತ್ರದ ಕಣ್ಣು ಬಣ್ಣ ನೋಡುತ್ತೆ, ಸರಿ ಇಲ್ಲದ್ದನ್ನ ಗಾಳಿ ಊದಿ ಆಚೆ ಹಾಕುತ್ತೆ. ಅಕ್ಕಿ ಗಿರಣಿಗಳಲ್ಲೂ ಅದೇ ಯಂತ್ರ. ಕಸದ ಯಂತ್ರ ಇದರ ತಮ್ಮನೇ. ಈಗ ನನ್ನದೊಂದು ಪ್ರಶ್ನೆ. ಬೀಜ ಆರಿಸ್ತಿದ್ದ ಆ ಹೆಂಗಸರಿಗೆ ಕಲರ್ ಸಾರ್ಟರ್ ನಡೆಸೋ ಕೆಲಸ ಸಿಕ್ತಾ? ಅವರ ಕಣ್ಣಿಗೆ, ಅನುಭವಕ್ಕೆ ಬೆಲೆ ಕಟ್ಟಿ ಬಡ್ತಿ ಕೊಟ್ರಾ? ನಿಮ್ಮ ಮನೆ ಹತ್ತಿರ ಕ್ಯೂರಿಂಗ್‌ಗೆ ಹೋಗ್ತಿದ್ದ ಹಿರಿಯ ಹೆಂಗಸರಿದ್ರೆ ಕೇಳಿ ನೋಡಿ. ಕಸದ ರೋಬೋ ಬಂದಾಗ ಏನಾಗುತ್ತೆ ಅಂತ ಗೊತ್ತಾಗೋಕೆ ಫಿನ್ಲೆಂಡಿಗೆ ಹೋಗಬೇಕಾಗಿಲ್ಲ.

ಇನ್ನು ವಿಂಗಡಣೆ ಅನ್ನೋ ಕೆಲಸದ ವಿಷಯ. ಅರಸೀಕೆರೆ ಎಪಿಎಂಸಿ ಯಾರ್ಡಿಗೆ ಒಂದು ದಿನ ಹೋಗಿ ನಿಂತ್ಕೊಳ್ಳಿ. ಉಂಡೆ ಕೊಬ್ಬರಿ ವಿಂಗಡಿಸೋರನ್ನ ನೋಡಿ. ಗಾತ್ರ ನೋಡ್ತಾರೆ, ಬಣ್ಣ ನೋಡ್ತಾರೆ, ಕೌಟು ಬಂದಿದ್ದನ್ನ ಪಕ್ಕಕ್ಕೆ ಹಾಕ್ತಾರೆ. ಅದು ಕಸುಬು, ಆ ಕಣ್ಣಿಗೆ ಮರ್ಯಾದೆ ಇದೆ, ಅದನ್ನ ನಂಬಿ ವ್ಯಾಪಾರ ನಡೆಯುತ್ತೆ. ಅದೇ ಕಣ್ಣು, ಅದೇ ಕೈ, ಅದೇ ಬುದ್ಧಿ ಉಪಯೋಗಿಸಿ ಕಸ ವಿಂಗಡಿಸೋ ಹೆಂಗಸಿಗೆ ಹೋಟೆಲಿನಲ್ಲಿ ನೀರು ಮೇಲಿಂದ ಹುಯ್ತಾರೆ. ಕೆಲಸದಲ್ಲಿರೋ ಜಾಣತನ ಎರಡೂ ಕಡೆ ಒಂದೇ. ಕೊಬ್ಬರಿ ವಿಂಗಡಿಸೋಕೆ ಯಾರು ಬೇಕಾದ್ರೂ ಹೋಗಬಹುದು. ಕಸ ವಿಂಗಡಿಸೋಕೆ ಯಾರು ಹೋಗಬೇಕು ಅನ್ನೋದು ಹುಟ್ಟೋಕೆ ಮೊದಲೇ ತೀರ್ಮಾನ ಆಗಿರುತ್ತೆ. ಜಾತಿ ಅನ್ನೋದು ಕೆಲಸಗಳನ್ನ ಬೇರೆ ಮಾಡಿದ ಏರ್ಪಾಡು ಅಂತ ಸಮರ್ಥಿಸ್ಕೊಳ್ತಿದ್ದವರಿಗೆ, ಅದು ಕೆಲಸಗಾರರನ್ನೇ ಬೇರೆ ಮಾಡಿಟ್ಟ ಏರ್ಪಾಡು ಅಂತ 1936ರಲ್ಲೇ ಬಾಬಾಸಾಹೇಬರು ಉತ್ತರ ಕೊಟ್ಟಿದ್ದರು. ಈ ದೇಶದಲ್ಲಿ ಕಸಕ್ಕಿಂತ ಮೊದಲು ವಿಂಗಡಣೆ ಆಗಿರೋದು ಮನುಷ್ಯರು. ಬೆಲ್ಟ್ ಮೇಲೆ ಕ್ಯಾಮೆರಾ ಹಾಕಿದ್ರೆ ಆ ವಿಂಗಡಣೆ ಹೇಗೆ ಹೋಗುತ್ತೆ?

ಈಗ ಯಂತ್ರದ ಕಣ್ಣಿನ ವಿಷಯಕ್ಕೆ ಬರ್ತೀನಿ. ಈ ವಿದ್ಯೆ ಕಲಿಯೋ ಹುಡುಗರು ಬಹಳ ಜನ ಮೊದಲು ಉಪಯೋಗಿಸೋ ಫೋಟೋ ಸಂಗ್ರಹ ಒಂದಿದೆ. ಟ್ರ್ಯಾಷ್‌ನೆಟ್ ಅಂತ ಹೆಸರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು 2016ರಲ್ಲಿ ಮಾಡಿದ್ದು. ಒಟ್ಟು 2,527 ಫೋಟೋ. ಗಾಜು, ಪೇಪರ್, ರಟ್ಟು, ಪ್ಲಾಸ್ಟಿಕ್, ಲೋಹ, ಉಳಿದ ಕಸ ಅಂತ ಆರು ಗುಂಪು. ಒಂದೊಂದು ವಸ್ತುವನ್ನೂ ಬಿಳಿ ಹಾಳೆ ಮೇಲೆ ಇಟ್ಟು ಫೋಟೋ ತೆಗೆದಿದ್ದಾರೆ. "ಉಳಿದ ಕಸ" ಅನ್ನೋದಕ್ಕೆ ಇರೋದು 137 ಫೋಟೋ ಮಾತ್ರ.

ನಮ್ಮ ಬಾಣಾವರದ ಕಸ ಬಿಳಿ ಹಾಳೆ ಮೇಲೆ ಬರುತ್ತಾ? ಬಿ.ಎಚ್. ರಸ್ತೆ ಬದಿ ಬಿದ್ದಿರೋ ಒಂದು ಕವರ್ ಬಿಚ್ಚಿ ನೋಡಿ. ಅನ್ನ ಸಾರು, ಅದರೊಳಗೆ ಟೀ ಲೋಟ, ಗುಟ್ಕಾ ಸ್ಯಾಷೆ, ಶೇವಿಂಗ್ ಬ್ಲೇಡು, ಮಗು ಡೈಪರ್, ಒಡೆದ ಬಾಟಲಿ, ಎಲ್ಲಾ ಒಂದೇ ಗಂಟಲ್ಲಿ ಕಲಸಿ ಕೊಳೆತು ಬಂದಿರುತ್ತೆ. ನಮ್ಮ ಊರುಗಳ ಕಸದಲ್ಲಿ ಸುಮಾರು ಅರ್ಧ ಹಸಿ ಕಸ. ಒದ್ದೆಯಾದ ಪೇಪರ್, ಮಣ್ಣು ಹತ್ತಿದ ಕವರ್, ಮುದುರಿದ ಬಿಸ್ಕೆಟ್ ಪಟ್ಟಣ ಇವನ್ನ ಗುರುತು ಹಿಡಿಯೋದು ಕ್ಯಾಮೆರಾಕ್ಕೆ ಕಷ್ಟ. ಪ್ಲಾಸ್ಟಿಕ್ ಯಾವ ಜಾತಿದು ಅಂತ ಇನ್ಫ್ರಾರೆಡ್ ಬೆಳಕು ಬಿಟ್ಟು ಪತ್ತೆ ಮಾಡೋ ಯಂತ್ರಗಳೂ ಇವೆ. ಅವಕ್ಕೆ ಕಪ್ಪು ಪ್ಲಾಸ್ಟಿಕ್ ಕಾಣಿಸೋದೇ ಇಲ್ಲ, ಅದರಲ್ಲಿರೋ ಕಪ್ಪು ಬಣ್ಣ ಆ ಬೆಳಕನ್ನ ನುಂಗಿಬಿಡುತ್ತೆ.

ಕಸ ವಿಂಗಡಿಸೋ ಕೆಲಸಕ್ಕೆ ಹೋಗೋ ನಮ್ಮ ಕೇರಿಯ ಒಬ್ಬ ಅಕ್ಕನ್ನ ಕೇಳಿದೆ, ಚೀಲದೊಳಗೆ ಗಾಜು ಇರೋದು ನಿಂಗೆ ಹೆಂಗೆ ಗೊತ್ತಾಗುತ್ತೆ ಅಂತ. "ಕಣ್ಣಿಗಿಂತ ಮೊದ್ಲು ಕಿವಿಗೆ ಗೊತ್ತಾಯ್ತದೆ ಕಣವ್ವ. ಚೀಲ ಎತ್ತಿ ಒಂದ್ಸಲ ಕೊಡವಿದ್ರೆ ಸದ್ದು ಬತ್ತದೆ" ಅಂದ್ಲು. ಹಾಲಿನ ಕವರ್ ಯಾವುದು, ಬರೀ ಕ್ಯಾರಿ ಬ್ಯಾಗ್ ಯಾವುದು ಅಂತ ಬೆರಳಿಗೆ ಗೊತ್ತಾಗುತ್ತಂತೆ. ಗುಜರಿ ಅಂಗಡಿಯವನು ಯಾವುದಕ್ಕೆ ಎಷ್ಟು ಕೊಡ್ತಾನೆ ಅನ್ನೋದೂ ಬಾಯಲ್ಲಿದೆ. ಕೋಟ್ಯಂತರ ರೂಪಾಯಿ ಹಾಕಿ ಯಂತ್ರಕ್ಕೆ ಕಲಿಸೋಕೆ ಹೊರಟಿರೋ ವಿದ್ಯೆ ಈ ಅಕ್ಕನ ಹತ್ರ ಇದೆ. ಯಂತ್ರಕ್ಕೆ ಕಲಿಸೋನಿಗೆ ಎಂಜಿನಿಯರ್ ಅಂತೀವಿ, ಈಕೆನ ಕಸದೋಳು ಅಂತೀವಿ.

ಅಂಥ ಕಲಸಿದ ಕಸದಲ್ಲಿ ರೋಬೋ ಕೆಲಸ ಮಾಡಬೇಕು ಅಂದ್ರೆ ಏನಾಗಬೇಕು? ಕಸ ಮನೆಯಲ್ಲೇ ಬೇರೆ ಆಗಿ ಬರಬೇಕು. ಅದು ಈಗಾಗಲೇ ಕಾನೂನು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹಸಿ, ಒಣ, ಮನೆಯ ಅಪಾಯಕಾರಿ ಕಸ ಅಂತ ಮೂರು ಬೇರೆ ಮಾಡಿ ಕೊಡೋದು ಕಸ ಹುಟ್ಟಿಸೋರ ಜವಾಬ್ದಾರಿ ಅಂತ ಬರೆದಿದ್ವು. ಬೆಂಗಳೂರಿನಲ್ಲಿ ಅದಕ್ಕೂ ಮೊದಲೇ, 2015ರ ಡಿಸೆಂಬರಿನಲ್ಲಿ ಹೈಕೋರ್ಟು ಎರಡು ಬುಟ್ಟಿ ಒಂದು ಚೀಲ ಅಂತ ಆದೇಶ ಮಾಡಿತ್ತು. ಎರಡು ಬುಟ್ಟಿ, ಒಂದು ಚೀಲ. ಇದಕ್ಕೆ ಎಐ ಬೇಕಾ? ಸಾವಿರ ರೂಪಾಯಿ ಒಳಗೆ ಮುಗಿಯೋ ತಂತ್ರಜ್ಞಾನ ಇದು. ಆದ್ರೂ ಯಾಕೆ ಆಗ್ತಿಲ್ಲ?

ಯಾಕಂದ್ರೆ ತನ್ನ ಕಸ ತಾನು ಮುಟ್ಟೋದು ಅಂದ್ರೆ ಮೈಲಿಗೆ. "ಬೇರೆ ಮಾಡೋಕೆ ಅವರಿದ್ದಾರಲ್ಲ" ಅನ್ನೋ ಒಂದು ಮಾತಿನ ಹಿಂದೆ ಸಾವಿರಾರು ವರ್ಷ ಕೂತಿದೆ. ಆ ಮಾತನ್ನ ಈಗ ಬದಲಾಯಿಸಿ "ಬೇರೆ ಮಾಡೋಕೆ ಯಂತ್ರ ಇದೆಯಲ್ಲ" ಅಂತ ಹೇಳೋಕೆ ಅವಕಾಶ ಮಾಡಿಕೊಡ್ತಿದ್ದೀವಿ. ಬೆಂಗಳೂರಿನ ಟ್ರ್ಯಾಷ್‌ಕಾನ್ ಕಂಪನಿಯ ಟ್ರ್ಯಾಷ್‌ಬಾಟ್ ಅನ್ನೋ ಯಂತ್ರ ಮಿಶ್ರ ಕಸವನ್ನೇ ತಗೊಂಡು ಹಸಿ, ಒಣ ಬೇರೆ ಮಾಡುತ್ತೆ. ಮಾಡಿದವರ ಉದ್ದೇಶ ಒಳ್ಳೇದೇ ಇರಬಹುದು, ಮನುಷ್ಯರ ಕೈ ಕೊಳಕಿಗೆ ಹೋಗಬಾರದು ಅಂತಲೇ ಮಾಡಿರಬಹುದು. ನಾನು ಕೇಳೋದು ಅದನ್ನ ಕೊಳ್ಳೋ ನಗರಸಭೆಗಳನ್ನ, ಅದರ ಬಿಲ್ಲು ಕಟ್ಟೋ ಜನರನ್ನ. ಯಂತ್ರ ಇದೆ ಅಂದ ಮೇಲೆ ಮನೆಯಲ್ಲಿ ಬೇರೆ ಮಾಡಿ ಅಂತ ಯಾರು ಒತ್ತಾಯ ಮಾಡ್ತಾರೆ? ದಂಡ ಯಾರು ಹಾಕ್ತಾರೆ? ಎಸೆಯೋನ ಸೋಮಾರಿತನಕ್ಕೆ, ಅವನ ಮಡಿಗೆ ಸಾರ್ವಜನಿಕ ದುಡ್ಡಿನಲ್ಲಿ ಯಂತ್ರ ಕೊಂಡ ಹಾಗಾಯ್ತು.

ಒಬ್ಬ ಹೆಂಗಸಾಗಿ ಇನ್ನೊಂದು ಮಾತು ಹೇಳ್ತೀನಿ, ಮುಜುಗರ ಪಡಬೇಡಿ. ಬಳಸಿದ ಪ್ಯಾಡ್. ಅದನ್ನ ಪೇಪರಲ್ಲಿ ಸುತ್ತಿ, ಮೇಲೆ ಕೆಂಪು ಚುಕ್ಕೆ ಹಾಕಿ ಕೊಡಿ ಅಂತ ಪುಣೆಯ ಕಸ ಆಯುವ ಹೆಂಗಸರು ಅಭಿಯಾನ ಮಾಡಿದ್ರು. ಚುಕ್ಕೆ ನೋಡಿದ್ರೆ ಬಿಚ್ಚಬಾರದು ಅಂತ ಗೊತ್ತಾಗುತ್ತೆ. ಪ್ಯಾಡ್ ಮಾಡೋ ಕಂಪನಿಗಳೇ ಸುತ್ತೋಕೆ ಕವರ್ ಕೊಡಬೇಕು ಅಂತ 2016ರ ನಿಯಮದಲ್ಲೂ ಇತ್ತು. ನಾವು ಓದಿದ ಹೆಂಗಸರೇ ಎಷ್ಟು ಜನ ಆ ಚುಕ್ಕೆ ಹಾಕ್ತಿದ್ದೀವಿ? ನಮ್ಮ ರಕ್ತ ಇನ್ನೊಬ್ಬ ಹೆಂಗಸಿನ ಬರಿಗೈಗೆ ಹತ್ತಬಾರದು ಅಂದ್ರೆ ಒಂದು ಕೆಂಪು ಪೆನ್ನು ಸಾಕು. ಅಷ್ಟು ಮಾಡದೆ ರೋಬೋಗೆ ಕಾಯ್ತೀವಿ.

ಹೋಗಲಿ, ರೋಬೋ ಬಂತು ಅಂತಿಟ್ಕೊಳ್ಳಿ. ಅದು ಏನನ್ನ ಎತ್ತುತ್ತೆ? ನೀರಿನ ಬಾಟಲಿ, ಅಲ್ಯೂಮಿನಿಯಂ ಡಬ್ಬ, ಒಳ್ಳೆ ರಟ್ಟು. ಅಂದ್ರೆ ದುಡ್ಡು ಬರೋ ವಸ್ತು. ಯಂತ್ರಕ್ಕೆ ಹಾಕಿದ ಬಂಡವಾಳ ವಾಪಸ್ ಬರಬೇಕಲ್ಲ. ದುಡ್ಡು ಬರದ ಡೈಪರ್, ಪ್ಯಾಡ್, ಗಾಜಿನ ಚೂರು, ಕೊಳೆತದ್ದು ಬೆಲ್ಟಿನ ಕೊನೆಗೆ ಹೋಗುತ್ತೆ. ಅಲ್ಲಿ ಯಾರು ನಿಂತಿರ್ತಾರೆ? ಬಟ್ಟೆ, ದಾರ, ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಬೆಲ್ಟು ನಿಂತಾಗ ಒಳಗೆ ಕೈ ಹಾಕಿ ಬಿಡಿಸೋರು ಯಾರು? ವಿದೇಶದ ದೊಡ್ಡ ಘಟಕಗಳಲ್ಲೂ ರೋಬೋ ಪಕ್ಕ ಮನುಷ್ಯರು ನಿಂತಿದ್ದಾರೆ, ಯಂತ್ರದ ಹಲ್ಲಿಗೆ ಸಿಕ್ಕಿದ್ದನ್ನ ಕಿತ್ತು ತೆಗೀತಾರೆ. ವಿಡಿಯೋದಲ್ಲಿ ಅವರನ್ನ ತೋರಿಸಲ್ಲ. ಒಳ್ಳೆ ಬಾಟಲಿ ಯಂತ್ರಕ್ಕೆ, ಹೊಲಸು ನಮಗೆ ಅಂತ ಆದ್ರೆ ಇದು ಹಳೇ ಊರಿನ ನ್ಯಾಯವೇ ಅಲ್ವಾ? ಹಸು ಹಾಲು ಕೊಡೋವರೆಗೂ ಅವರದ್ದು, ಸತ್ತ ಮೇಲೆ ನಮ್ಮದು.

ಆ ಬಾಟಲಿ ಅಂದ್ರೆ ಸಣ್ಣ ವಿಷಯ ಅಂದ್ಕೋಬೇಡಿ. ಚಿಂದಿ ಆಯೋರ ಹೊಟ್ಟೆ ನಡೆಯೋದು ಅದರಲ್ಲೇ. ಹಳೇಬೀಡು, ಬೇಲೂರಿನ ದೇವಸ್ಥಾನಗಳು 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ವು, ನಮಗೂ ಹೆಮ್ಮೆ. ಬಾಣಾವರದಿಂದ ಜಾವಗಲ್ ಮೇಲೆ ಹಳೇಬೀಡಿಗೆ ಹೋಗೋ ರಸ್ತೆಯಲ್ಲಿ ಪ್ರವಾಸಿಗರು ಎಸೆದು ಹೋಗೋ ಬಾಟಲಿ ಯಾರದೋ ಮನೆಯ ಅಕ್ಕಿ ಆಗುತ್ತೆ. ಬೆಂಗಳೂರಿನಲ್ಲಿ ಕಸ ಆಯೋರಿಗೆ 2011ರಲ್ಲಿ ಪಾಲಿಕೆಯ ಗುರುತಿನ ಚೀಟಿ ಸಿಕ್ಕಿದ್ದು ಹೋರಾಟದಿಂದ. ಹಸಿರು ದಳದಂಥ ಸಂಘಟನೆಗಳು ಅವರ ಜೊತೆ ನಿಂತು, ಒಣ ಕಸ ಸಂಗ್ರಹ ಕೇಂದ್ರಗಳನ್ನ ಅವರೇ ನಡೆಸೋ ಹಾಗೆ ಮಾಡಿದ್ರು. ಕಸ ಆಯೋರನ್ನ ಗುರುತಿಸಿ ವ್ಯವಸ್ಥೆಯೊಳಗೆ ಸೇರಿಸ್ಕೋಬೇಕು ಅಂತ 2016ರ ನಿಯಮಗಳೂ ಹೇಳಿದ್ವು. ಒಂದು ಕೈಲಿ ಗುರುತಿನ ಚೀಟಿ ಕೊಟ್ಟು ಇನ್ನೊಂದು ಕೈಲಿ ಬಾಟಲಿ ಕಿತ್ಕೊಂಡ್ರೆ ಆ ಚೀಟಿ ಇಟ್ಕೊಂಡು ಏನು ಮಾಡಬೇಕು?

ನಮ್ಮ ಗ್ರಾಮ ಪಂಚಾಯ್ತಿಗಳಲ್ಲಿ ಈಗ ಸ್ವಚ್ಛವಾಹಿನಿ ಗಾಡಿಗಳು ಓಡ್ತಿವೆ. ಸಂಜೀವಿನಿ ಸ್ವಸಹಾಯ ಸಂಘದ ಹೆಂಗಸರು ಓಡಿಸ್ತಾರೆ, ಸಂತೋಷ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣ ಕಸ ವಿಂಗಡಿಸೋ ಘಟಕ ಇದೆ, ಸುತ್ತಲ ಪಂಚಾಯ್ತಿಗಳ ಕಸ ಅಲ್ಲಿಗೆ ಹೋಗುತ್ತೆ. ಬೆಲ್ಟ್ ಓಡುತ್ತೆ, ಎರಡೂ ಬದಿ ಕೆಲಸಗಾರರು ನಿಂತು ಆರಿಸ್ತಾರೆ. ಬಗ್ಗಿ ಬಗ್ಗಿ ನೆಲದಿಂದ ಆರಿಸೋದಕ್ಕಿಂತ ಸೊಂಟದ ಎತ್ತರದ ಬೆಲ್ಟ್ ಒಳ್ಳೇದು. ಇಂಥ ಯಂತ್ರ ಬೇಡ ಅಂತ ಯಾರು ಹೇಳ್ತಾರೆ? ಆದ್ರೆ ನಿಮ್ಮ ನಿಮ್ಮ ಪಂಚಾಯ್ತಿಲಿ ಒಂದು ಪರೀಕ್ಷೆ ಮಾಡಿ. ಸ್ವಸಹಾಯ ಸಂಘದಲ್ಲಿ ಎಲ್ಲ ಜಾತಿಯ ಹೆಂಗಸರೂ ಇದ್ದಾರೆ. ಸಾಲ ಮಂಜೂರಾದ ದಿನ ಎಲ್ಲರೂ ಬರ್ತಾರೆ. ಕಸ ವಿಂಗಡಿಸೋ ಶೆಡ್ಡಿಗೆ ಯಾರ್ಯಾರು ಬಂದ್ರು ಅಂತ ಹಾಜರಿ ಪುಸ್ತಕ ನೋಡಿ. ಹೆಸರು ಓದಿದ್ರೆ ಸಾಕು, ಯಾವ ಕೇರಿ ಅಂತ ಗೊತ್ತಾಗುತ್ತೆ.

"ಯಂತ್ರ ಬಂದ್ರೆ ಎಲ್ಲಾ ಸರಿಹೋಗುತ್ತೆ" ಅನ್ನೋರು ಒಳಚರಂಡಿ ಕಡೆ ಒಂದ್ಸಲ ನೋಡಿ. ಅಲ್ಲಿ ಯಂತ್ರ ಬಂದು ಎಷ್ಟೋ ವರ್ಷ ಆಯ್ತು. ಸಕ್ಕಿಂಗ್ ಮಷಿನ್ ಇದೆ, ಜೆಟ್ಟಿಂಗ್ ಮಷಿನ್ ಇದೆ. ಕೇರಳದ ಜೆನ್‌ರೊಬೊಟಿಕ್ಸ್ 2018ರಲ್ಲಿ ಬ್ಯಾಂಡಿಕೂಟ್ ಅನ್ನೋ ರೋಬೋನೇ ಗುಂಡಿಗಿಳಿಸ್ತು. 2013ರಲ್ಲಿ ಕಾನೂನು ಬಂತು. ಸತ್ತವರ ಮನೆಗೆ 10 ಲಕ್ಷ ಕೊಡಿ ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳ್ತು, 2023ರಲ್ಲಿ ಅದನ್ನ 30 ಲಕ್ಷಕ್ಕೆ ಏರಿಸ್ತು. 2020ರಲ್ಲಿ ಕೇಂದ್ರ ಸರ್ಕಾರ ಮ್ಯಾನ್‌ಹೋಲ್ ಅನ್ನೋ ಹೆಸರನ್ನೇ ತೆಗೆದು ಮಷಿನ್‌ಹೋಲ್ ಅಂತ ಕರೀತು. ಹೆಸರು ಬದಲಾಯ್ತು, ಗುಂಡಿಗೆ ಮನುಷ್ಯ ಇಳಿಯೋದು, ಉಸಿರುಗಟ್ಟಿ ಸಾಯೋದು ನಿಲ್ಲಲಿಲ್ಲ. ಯಾಕೆ? ಯಂತ್ರ ಕರೆಸೋಕೆ ಬಾಡಿಗೆ ಕೊಡಬೇಕು, ಗಲ್ಲಿಗೆ ಗಾಡಿ ಹೋಗಲ್ಲ, ನಮ್ಮ ಹುಡುಗ ಐನೂರಕ್ಕೆ ಇಳೀತಾನೆ. ಅಗ್ಗದ ಜೀವ ಸಿಗೋವರೆಗೂ ದುಬಾರಿ ಯಂತ್ರ ಶೆಡ್ಡಲ್ಲೇ ನಿಂತಿರುತ್ತೆ. ಕೇಂದ್ರದ ನಮಸ್ತೆ ಯೋಜನೆಯಲ್ಲಿ ನಗರಗಳ ಚರಂಡಿ, ಶೌಚಗುಂಡಿ ಕಾರ್ಮಿಕರ ಪಟ್ಟಿ ಮಾಡಿದಾಗ, 2024ರ ಹೊತ್ತಿಗೆ ಲೆಕ್ಕಕ್ಕೆ ಸಿಕ್ಕ ಸುಮಾರು 38 ಸಾವಿರ ಜನರಲ್ಲಿ ಶೇ. 69ರಷ್ಟು ಪರಿಶಿಷ್ಟ ಜಾತಿಯವರು. ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಸೇರಿಸಿದ್ರೆ ಶೇ. 92 ಹತ್ತಿರ ಬರುತ್ತೆ.

ಇದರ ಉಲ್ಟಾ ಉದಾಹರಣೆನೂ ನಮ್ಮ ರಾಜ್ಯದಲ್ಲೇ ಇದೆ. 1970ರ ದಶಕದಲ್ಲಿ, ದೇವರಾಜ ಅರಸು ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರೋ ಪದ್ಧತಿ ನಿಷೇಧಿಸಿದ್ರು. ಆವತ್ತು ಯಾವ ರೋಬೋ ಇತ್ತು? ಇದ್ದದ್ದು ಆ ಹೊರೆ ಏನು ಅಂತ ಗೊತ್ತಿದ್ದ ಒಬ್ಬ ಮನುಷ್ಯ, ಅವನ ಕೈಲೊಂದು ಪೆನ್ನು. ಅದಾದ ಮೇಲೂ ಕೆಜಿಎಫ್‌ನ ಕಾಲೋನಿಗಳಲ್ಲಿ ಒಣ ಪಾಯಿಖಾನೆ ಉಳಿದಿದ್ವು. ಅಲ್ಲೇ ಹುಟ್ಟಿದ ಬೆಜವಾಡ ವಿಲ್ಸನ್ ಅದರ ವಿರುದ್ಧ ಎದ್ದು ನಿಂತ್ರು, ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದ್ರು. 2010ರಲ್ಲಿ ಸವಣೂರಿನ ನಮ್ಮ ಬಂಧುಗಳು ಪುರಸಭೆ ಮುಂದೆ ಮೈಮೇಲೆ ಮಲ ಸುರ್ಕೊಂಡು ಪ್ರತಿಭಟಿಸಬೇಕಾಯ್ತು. ಬದಲಾವಣೆ ಆದಾಗೆಲ್ಲ ಅದರ ಹಿಂದೆ ಮನುಷ್ಯರ ಹೋರಾಟ ಇತ್ತು. ಯಂತ್ರ ಆ ಹೋರಾಟಕ್ಕೆ ನೆರವಾಗಬಹುದು. ಅದರ ಜಾಗ ತುಂಬೋಕೆ ಆಗಲ್ಲ.

ಹೋರಾಟ ಅಂದಾಗ ಇನ್ನೊಂದು ನೆನಪಾಯ್ತು. 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ರು. ನಾಲ್ಕು ದಿನ. ನಾಲ್ಕೇ ದಿನಕ್ಕೆ ಬೆಂಗಳೂರು ಮೂಗು ಮುಚ್ಕೊಳ್ತು, ಸರ್ಕಾರ ಮಾತಿಗೆ ಬಂತು. ಅದರ ಫಲ, 2025ರ ಮೇ 1ರಂದು ಬೆಂಗಳೂರಿನ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರ ಕೈಗೆ ಕಾಯಂ ಆದೇಶ ಬಂತು. 1970ರ ದಶಕದ ಐ.ಪಿ.ಡಿ. ಸಾಲಪ್ಪ ವರದಿ ಜಾರಿ ಮಾಡಿ ಅಂತ ಕೂಗಿ ಕೂಗಿ ತಲೆಮಾರುಗಳೇ ಕಳೆದ ಮೇಲೆ ಸಿಕ್ಕಿದ್ದು ಅದು. ಬಾಬಾಸಾಹೇಬರು 1930ರ ದಶಕದಲ್ಲೇ ಮುಂಬೈನಲ್ಲಿ ನಗರಪಾಲಿಕೆ ಕಾರ್ಮಿಕರ ಸಂಘ ಕಟ್ಟಿದ್ದು ಈ ಶಕ್ತಿ ಗೊತ್ತಿದ್ದೇ. ಈಗ ಯೋಚನೆ ಮಾಡಿ. ರೋಬೋ ಸಂಘ ಕಟ್ಟಲ್ಲ, ಮುಷ್ಕರ ಹೂಡಲ್ಲ, ಪಿಎಫ್ ಕೇಳಲ್ಲ, ಹೆರಿಗೆ ರಜೆ ಕೇಳಲ್ಲ. ನಮ್ಮವರ ಕಾಯಂ ಆದೇಶದ ಇಂಕು ಒಣಗೋ ಮೊದಲೇ ಈ ಯಂತ್ರದ ಮೇಲೆ ಇಷ್ಟೊಂದು ಪ್ರೀತಿ ಯಾಕೆ ಹುಟ್ಟಿದೆ ಅಂತ ನಂಗೆ ಅನುಮಾನ. ನಿಮಗೆ ಇಲ್ವಾ?

ನಾನು ಬಿಎ ಓದಿ ಕ್ಲರ್ಕ್ ಕೆಲಸ ಮಾಡೋಳು. ಎಐ ಎಂಜಿನಿಯರಿಂಗ್ ನಂಗೆ ಬರಲ್ಲ, ಆದ್ರೆ ಕಡತ ಹೇಗೆ ನಡೆಯುತ್ತೆ ಅಂತ ಗೊತ್ತು. ಯಾವ ಕಛೇರಿ ಅಂತ ಕೇಳಬೇಡಿ, ಎಲ್ಲಾ ಕಡೆ ಒಂದೇ. ಕೈಗೆ ಗ್ಲೌಸ್, ಕಾಲಿಗೆ ಗಮ್‌ಬೂಟ್ ಕೊಳ್ಳೋ ಕಡತ ನಾಲ್ಕು ಮೇಜು ಸುತ್ತಿ "ಅನುದಾನದ ಲಭ್ಯತೆ ಪರಿಶೀಲಿಸಿ ಮಂಡಿಸಿ" ಅಂತ ವಾಪಸ್ ಬರುತ್ತೆ. ಯಂತ್ರ ಕೊಳ್ಳೋ ಕಡತ ಮಾರ್ಚ್ ಕೊನೇ ವಾರದಲ್ಲಿ ಒಂದೇ ದಿನಕ್ಕೆ ಸಹಿ ಆಗಿ ಹೋಗುತ್ತೆ. ಗ್ಲೌಸಲ್ಲಿ ಯಾರಿಗೂ ಏನೂ ಹುಟ್ಟಲ್ಲ. ಆ ಯಂತ್ರದ ಗತಿ ಏನಾಗುತ್ತೆ ಅಂತಲೂ ನೋಡಿದ್ದೀನಿ. ಉದ್ಘಾಟನೆ ದಿನ ಹೂವಿನ ಹಾರ, ಆರು ತಿಂಗಳಿಗೆ ಕರೆಂಟ್ ಬಿಲ್ಲಿಗೆ ದುಡ್ಡಿಲ್ಲ, ವರ್ಷಕ್ಕೆ ಬಿಡಿ ಭಾಗ ಸಿಗಲ್ಲ. ಕಸ ಮಾತ್ರ ದಿನಾ ಬರುತ್ತೆ. ಮತ್ತೆ ಅದೇ ಅಕ್ಕನ್ನ ಕರೀತಾರೆ, ಈ ಸಲ ದಿನಗೂಲಿಗೆ.

ಈಗ ನಮ್ಮ ಗೆಳೆಯರ ದೊಡ್ಡ ಪ್ರಶ್ನೆಗೆ ಬರ್ತೀನಿ. "ಹಾಗಾದ್ರೆ ನಮ್ಮ ಜನ ಕಸದಲ್ಲೇ ಇರಬೇಕಾ? ಅದನ್ನೂ ಹಕ್ಕು ಅಂತೀಯಾ?" ನ್ಯಾಯವಾದ ಪ್ರಶ್ನೆ, ತಳ್ಳಿಹಾಕಲ್ಲ. ಈ ಕೆಲಸಕ್ಕೆ ನಾನು ಹೂವಿನ ಹಾರ ಹಾಕಲ್ಲ. ಪೌರಕಾರ್ಮಿಕರ ಪಾದ ತೊಳೆಯೋ ನಾಟಕನೂ ನಂಗೆ ಬೇಡ. ಸತ್ತ ದನ ಹೊರೋದು ಬಿಡಿ, ಹೊಲಸಿನ ಕೆಲಸ ಬಿಡಿ ಅಂತ ಬಾಬಾಸಾಹೇಬರು ಹೇಳಿದ್ದರು, ನಮ್ಮ ಹಿರೀಕರು ಬಿಟ್ರು. ಬಿಟ್ಟಿದ್ದಕ್ಕೆ ಊರು ಬಹಿಷ್ಕಾರ ಹಾಕ್ತು, ಆದ್ರೂ ಬಿಟ್ರು. ಅದು ನಾವೇ ಎದ್ದು ಬಿಟ್ಟು ಬಂದಿದ್ದು. ಟೆಂಡರ್ ಕರೆದು ಯಂತ್ರ ತಂದು "ನಾಳೆಯಿಂದ ಬರಬೇಡಿ" ಅನ್ನೋದು ಬೇರೆ. ಬಿಟ್ಟು ಬರೋಕೂ ಬಿಸಾಕಿಸ್ಕೊಳ್ಳೋಕೂ ವ್ಯತ್ಯಾಸ ಇಲ್ವಾ? ಐವತ್ತು ವರ್ಷದ ಹೆಂಗಸು, ಕೈ ಬೆರಳೆಲ್ಲ ಗಾಯ, ಅಕ್ಷರ ಗೊತ್ತಿಲ್ಲ, ಎರಡು ಗುಂಟೆ ಜಮೀನಿಲ್ಲ. ರೋಬೋ ಬಂದ ಮಾರನೇ ದಿನ ಆಕೆ ಎಲ್ಲಿಗೆ ಹೋಗಬೇಕು ಅಂತ ನಿಮ್ಮ ವಿಡಿಯೋದಲ್ಲಿ ಇದೆಯಾ?

ಕೆಲಸ ಹೊಲಸು, ಅದು ಹೋಗಬೇಕು. ಆ ಕೆಲಸ ಮಾಡಿದ ಮನುಷ್ಯಳು ಹೋಗಬಾರದು. ನಮ್ಮ ಬೇಡಿಕೆಗಳು ಇಷ್ಟೇ. ಒಪ್ಪೋರು ಹಂಚ್ಕೊಳ್ಳಿ, ಒಪ್ಪದವರು ಕೆಳಗೆ ಬರೀರಿ, ಚರ್ಚೆ ಮಾಡೋಣ.

1. ಮನೆ, ಅಂಗಡಿ, ಹೋಟೆಲ್, ಕಲ್ಯಾಣ ಮಂಟಪ, ದೇವಸ್ಥಾನ, ಕಛೇರಿ ಎಲ್ಲಾ ಕಡೆ ಕಸ ಹುಟ್ಟಿದ ಜಾಗದಲ್ಲೇ ಬೇರೆ ಆಗಬೇಕು. ಆಗದ ಕಡೆ ದಂಡ. ಯಂತ್ರ ಇದೆ ಅನ್ನೋದು ಇದಕ್ಕೆ ನೆಪ ಆಗಬಾರದು.

2. ಯಂತ್ರ ಮೊದಲು ಹೋಗಬೇಕಾದ್ದು ಜೀವ ಹೋಗೋ ಕಡೆಗೆ, ಕೈ ಕೊಯ್ಯೋ ಕಡೆಗೆ. ಚರಂಡಿ ಗುಂಡಿ, ಶೌಚಗುಂಡಿ, ಪ್ಯಾಡ್, ಡೈಪರ್, ಆಸ್ಪತ್ರೆ ಕಸ, ಗಾಜು. ಬಾಟಲಿ ಎತ್ತೋಕೆ ಆಮೇಲೆ ಬರಲಿ.

3. ಯಾವ ಊರಲ್ಲೇ ಆಗಲಿ, ಯಂತ್ರದ ಟೆಂಡರ್ ಕರೆಯೋ ಮೊದಲು ಈಗ ಆ ಕೆಲಸದಲ್ಲಿರೋ ಒಬ್ಬೊಬ್ಬರ ಹೆಸರು ಬರೆದ ಪಟ್ಟಿ ಆಗಬೇಕು. ಅವರ ಮುಂದಿನ ಕೆಲಸ, ಸಂಬಳ, ಪಿಎಫ್, ಇಎಸ್ಐ ಏನು ಅಂತ ಟೆಂಡರ್ ಷರತ್ತಿನಲ್ಲೇ ಇರಬೇಕು. ಗಾಡಿ ಡ್ರೈವರ್, ಲೋಡರ್, ಹೆಲ್ಪರ್ ಎಲ್ಲರನ್ನೂ ಸೇರಿಸಿ.

4. ಯಂತ್ರ ನಡೆಸೋ, ರಿಪೇರಿ ಮಾಡೋ ಕೆಲಸ ಮೊದಲು ಪೌರಕಾರ್ಮಿಕರಿಗೆ, ಕಸ ಆಯೋರಿಗೆ, ಅವರ ಮಕ್ಕಳಿಗೆ. ಸಂಬಳ ಕೊಟ್ಟು ತರಬೇತಿ. ಬ್ಯಾಂಡಿಕೂಟ್ ನಡೆಸೋಕೆ ಗುಂಡಿಗಿಳೀತಿದ್ದವರಿಗೇ ತರಬೇತಿ ಕೊಟ್ಟಿದ್ದಾರೆ. ಅಲ್ಲಿ ಆಗಿದ್ದು ಇಲ್ಲೂ ಆಗುತ್ತೆ.

5. ಘಟಕದ ಒಡೆತನ ಕಾರ್ಮಿಕರ ಸಹಕಾರ ಸಂಘಕ್ಕೆ. ಮಾರಾಟ ಆದ ವಸ್ತುವಿನ ದುಡ್ಡಿನಲ್ಲಿ ಅವರ ಪಾಲು ಇರಬೇಕು.

6. ಯಂತ್ರ ಬಂದು ವರ್ಷ ಆದ ಮೇಲೆ ಸಾಮಾಜಿಕ ಪರಿಶೋಧನೆ. ಕಂಪ್ಯೂಟರ್ ಮುಂದೆ ಯಾವ ಜಾತಿಯವರು ಕೂತಿದ್ದಾರೆ, ಬೆಲ್ಟಿನ ಕೊನೆಯಲ್ಲಿ ಯಾವ ಜಾತಿಯವರು ನಿಂತಿದ್ದಾರೆ ಅನ್ನೋದನ್ನ ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ ಓದಿ ಹೇಳಬೇಕು. ಆ ಎರಡು ಪಟ್ಟಿ ಒಂದೇ ಥರ ಆದ ದಿನ ರೋಬೋಗೆ ಜಾತಿ ಇಲ್ಲ ಅಂತ ನಾನೂ ಒಪ್ಕೊಳ್ತೀನಿ.

ನಮ್ಮ ಬಾಣಾವರದ ಕಡೆ ಇನ್ನೂ ಇಂಥ ಯಂತ್ರ ಬಂದಿಲ್ಲ. ಬಂದ ಮೇಲೆ ಮಾತಾಡಿದ್ರೆ ಯಾರೂ ಕೇಳಲ್ಲ, ಅದಕ್ಕೇ ಈಗಲೇ ಬರೀತಿದ್ದೀನಿ. ನೀವು ಎಲ್ಲೇ ಇರಿ, ಮುಂದಿನ ಗ್ರಾಮಸಭೆಗೆ ಅಥವಾ ವಾರ್ಡ್ ಸಭೆಗೆ ಹೋಗಿ ಎರಡೇ ಎರಡು ವಿಷಯ ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ನಮ್ಮೂರ ಕಸ ವಿಂಗಡಿಸೋರ ಹೆಸರೇನು? ಅವರಿಗೆ ಕಳೆದ ತಿಂಗಳ ಸಂಬಳ ಯಾವ ತಾರೀಖಿಗೆ ಬಂತು? ಪಿಡಿಒ ಉತ್ತರ ಕೊಡದಿದ್ರೆ ಆರ್‌ಟಿಐ ಹಾಕಿ. ಅರ್ಜಿ ಬರೆಯೋಕೆ ಗೊತ್ತಿಲ್ಲ ಅಂದ್ರೆ ನಂಗೆ ಮೆಸೇಜ್ ಮಾಡಿ, ಬರೆದು ಕೊಡ್ತೀನಿ. ಇಷ್ಟು ವರ್ಷ ಕ್ಲರ್ಕ್ ಕೆಲಸ ಮಾಡಿ ಕಲಿತಿದ್ದು ಅದೊಂದೇ ವಿದ್ಯೆ.

ಇವತ್ತು ರಾತ್ರಿ ಊಟ ಆದ ಮೇಲೆ, ನಿಮ್ಮ ಮನೆ ಕಸ ನೀವೇ ಬೇರೆ ಮಾಡಿ ಇಡಿ. ಮನೆ ಗಂಡಸರಿಗೂ ಹೇಳಿ.

ಜೈ ಭೀಮ್.